ಬೋಟ್ ಟ್ರೇಲರ್ ಹಲಗೆ ಬದಲಿಸುವುದು: ಬಿಚ್ಚುವ ಮೊದಲು ಅಳತೆ, ಒಮ್ಮೆಗೆ ಒಂದೇ ಹಲಗೆ

ಟ್ರೇಲರ್ ಮೇಲೆ ದೋಣಿ ಕೂರುವ ಮರದ ಪಟ್ಟಿಗೆ ಹಲಗೆ ಅನ್ನುತ್ತೇವೆ. ಹೊಸ ಹಲಗೆ ಹಾಕಿದ ಮೇಲೆ ದೋಣಿ ಓರೆಯಾಗಿ ಕೂರುತ್ತಿದೆ. ಹಾಕಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆ ಮತ್ತೆ ಕೊಳೆತಿದೆ. ಬೋಲ್ಟಿನ ತಲೆ ಮೇಲೆದ್ದು ದೋಣಿಯ ತಳ ಕೆರೆದಿದೆ. ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಈ ಮೂರೇ. ಕೇಳುವವರೆಲ್ಲ ಮರ ಕೆಟ್ಟದಿತ್ತು ಅಂತ ಹೇಳುತ್ತಾರೆ. ಹೋಗಿ ನೋಡಿದರೆ ಮರ ಚೆನ್ನಾಗಿಯೇ ಇರುತ್ತದೆ, ಕೆಲಸದ ಕ್ರಮ ತಪ್ಪಿರುತ್ತದೆ. ಎರಡೂ ಹಲಗೆ ಒಟ್ಟಿಗೆ ಬಿಚ್ಚಿ, ಆಮೇಲೆ ಅಳತೆ ಹುಡುಕಲು ಕೂತಿರುತ್ತಾರೆ. ಅದಕ್ಕೇ ಇಲ್ಲಿ ಎಲ್ಲವನ್ನೂ ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ. ದಯವಿಟ್ಟು ಕ್ರಮ ಬದಲಿಸಬೇಡಿ.

ಇದು 12ರಿಂದ 16 ಅಡಿಯ ಫೈಬರ್ ಅಥವಾ ಅಲ್ಯೂಮಿನಿಯಂ ದೋಣಿಗೆ, ಮರದ ಹಲಗೆ ಇರುವ ಟ್ರೇಲರ್‌ಗೆ ಸರಿಹೊಂದುತ್ತದೆ. ಬರೀ ರೋಲರ್ ಇರುವ ಟ್ರೇಲರ್‌ಗೆ ಇದು ಹೊಂದುವುದಿಲ್ಲ.

ಒಂದು ಮಾತು ಮೊದಲೇ ಮನಸ್ಸಿನಲ್ಲಿರಲಿ. ನೀರಿನಲ್ಲಿ ದೋಣಿಯ ತಳಕ್ಕೆ ಎಲ್ಲ ಕಡೆ ಸಮನಾದ ಆಸರೆ ಇರುತ್ತದೆ. ಟ್ರೇಲರ್ ಮೇಲೆ ಅಷ್ಟೂ ಭಾರ ಎರಡು ಮರದ ಪಟ್ಟಿಗಳ ಮೇಲೆ ಬೀಳುತ್ತದೆ. ನಮ್ಮ ಕಡೆ ದೋಣಿ ವರ್ಷದ ಹೆಚ್ಚಿನ ತಿಂಗಳು ಟ್ರೇಲರ್ ಮೇಲೆಯೇ ಇರುತ್ತದೆ, ಅಲ್ವಾ? ಅಂದಮೇಲೆ ದೋಣಿಯ ಆಕಾರ ಉಳಿಯುವುದೂ ಕೆಡುವುದೂ ಹಲಗೆಯಿಂದಲೇ.

## ಹಲಗೆ ಹೋಗಿದೆ ಅಂತ ತಿಳಿಯುವುದು ಹೇಗೆ

ಮೇಲಿನಿಂದ ನೋಡಿದರೆ ಏನೂ ಕಾಣುವುದಿಲ್ಲ, ಕಾರ್ಪೆಟ್ ಮುಚ್ಚಿರುತ್ತದೆ. ಕೆಳಗಿನಿಂದ ನೋಡಬೇಕು. ಕೈ ಹಾಕುವ ಮೊದಲು ಟಾರ್ಚ್ ಹಾಕಿ ನೋಡಿ. ತಿಂಗಳುಗಟ್ಟಲೆ ನಿಂತ ಟ್ರೇಲರ್ ಅಡಿಯಲ್ಲಿ ಚೇಳು, ಕಣಜದ ಗೂಡು ಇರುವುದು ಸಾಮಾನ್ಯ.

ಮರ ಮೊದಲು ಕೊಳೆಯುವ ಜಾಗ ಮೂರು: ಬೋಲ್ಟಿನ ತೂತಿನ ಸುತ್ತ, ಹಲಗೆಯ ಎರಡು ತುದಿ, ಬ್ರಾಕೆಟ್ (ಹಲಗೆಯನ್ನು ಹೊರುವ ಲೋಹದ ಆಸರೆ) ಮೇಲೆ ಕೂರುವ ಅಡಿಭಾಗ. ಈ ಜಾಗಗಳಲ್ಲಿ ಸ್ಕ್ರೂಡ್ರೈವರ್ ತುದಿಯನ್ನು ಒತ್ತಿ. ಒಳ್ಳೆಯ ಮರದಲ್ಲಿ ಬರೀ ಗೀರು ಬೀಳುತ್ತದೆ. ಕೊಳೆತ ಮರದಲ್ಲಿ ತುದಿ ಒಳಗೆ ಇಳಿಯುತ್ತದೆ, ಹೊರಗೆ ತೆಗೆದಾಗ ಕಂದು ಪುಡಿ ಅಂಟಿಕೊಂಡು ಬರುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಟಣ್ ಅನ್ನುತ್ತಿದ್ದ ಸದ್ದು ಒಂದು ಕಡೆ ಡಬ್ ಆದರೆ ಅಲ್ಲಿ ಒಳಗೆ ಟೊಳ್ಳು.

ಇನ್ನೂ ಕೆಲವು ಗುರುತುಗಳಿವೆ. ಬಿಸಿಲಿಗೆ ಎರಡು ಮೂರು ದಿನ ನಿಂತ ಮೇಲೂ ಕಾರ್ಪೆಟ್ ಒಂದು ಕಡೆ ಒದ್ದೆಯಾಗಿಯೇ ಇದ್ದರೆ ಅದರ ಕೆಳಗಿನ ಮರ ನೀರು ಹಿಡಿದಿದೆ. ನಟ್ ಬಿಗಿದಷ್ಟೂ ತಿರುಗುತ್ತಲೇ ಇದ್ದು ಬಿಗಿಯೇ ಆಗದಿದ್ದರೆ, ಬೋಲ್ಟಿನ ತಲೆ ಮರದೊಳಗೆ ಇಳಿಯುತ್ತಿದೆ. ಹಲಗೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಎಳೆದು ಹಿಡಿದಾಗ ನಡುವೆ ಬಾಗು ಕಂಡರೆ ಹಲಗೆ ಸೋತಿದೆ.

ದೋಣಿಯ ತಳವನ್ನೂ ನೋಡಿ. ಫೈಬರ್ ಮೇಲೆ ಜೇಡರ ಬಲೆಯಂಥ ಸಣ್ಣ ಬಿರುಕು, ಅದೂ ಬ್ರಾಕೆಟ್ ಇರುವ ಜಾಗದ ನೇರಕ್ಕೆ ಕಂಡರೆ, ಭಾರ ಹಲಗೆಯ ಉದ್ದಕ್ಕೆ ಹರಡದೆ ಬ್ರಾಕೆಟ್ ಇರುವ ಕಡೆಯಷ್ಟೇ ಬೀಳುತ್ತಿದೆ. ಇದು ಕಂಡರೆ ಮುಂದಿನ ಸಲ ನೋಡೋಣ ಅಂತ ಬಿಡಬೇಡಿ, ದೋಣಿ ಹೇರಿಕೊಂಡು ರಸ್ತೆಗೆ ಇಳಿಯಬೇಡಿ.

ಒಂದು ಹಲಗೆ ಮಾತ್ರ ಹೋಗಿದ್ದರೂ ಜೋಡಿಯನ್ನೇ ಬದಲಿಸಿ. ಹೊಸದು ಗಟ್ಟಿ, ಹಳೆಯದು ಮೆತ್ತಗೆ ಇದ್ದರೆ ದೋಣಿ ಒಂದು ಕಡೆಗೆ ವಾಲುತ್ತದೆ.

## ಯಾವಾಗ, ಎಲ್ಲಿ, ಏನೇನು ಬೇಕು

ಯುಗಾದಿ ಮುಗಿದ ಮೇಲೆ, ಮುಂಗಾರಿಗೆ ಮೊದಲು, ಅಂದರೆ ಏಪ್ರಿಲ್ ಮತ್ತು ಮೇ ಒಳ್ಳೆಯ ಸಮಯ. ಮರ ಒಣಗಿರುತ್ತದೆ, ಎಣ್ಣೆ ಚೆನ್ನಾಗಿ ಕುಡಿಯುತ್ತದೆ. ಧಾರವಾಡದ ಜಡಿಮಳೆಯಲ್ಲಿ ಈ ಕೆಲಸಕ್ಕೆ ಕೈ ಹಾಕಿದರೆ ಒದ್ದೆ ಮರದ ಮೇಲೆ ಬಣ್ಣ ಬಳಿದು ನೀರನ್ನು ಒಳಗೇ ಕೂಡಿಹಾಕಿದಂತೆ. ಇನ್ನೊಂದು ಕಾರಣವೂ ಇದೆ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ನರಗುಂದ, ರೋಣ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿದ್ದು ನೆನಪಿರಬೇಕು. ನೆರೆಗೆ ಹೋಗಬೇಕಾದ ದೋಣಿ ಇಟ್ಟುಕೊಂಡವರು ಜೂನ್ ಹೊತ್ತಿಗೆ ಟ್ರೇಲರ್ ಸಿದ್ಧ ಇಟ್ಟುಕೊಳ್ಳಲೇಬೇಕು.

ಜಾಗ ಸಮತಟ್ಟಾದ ಕಾಂಕ್ರೀಟ್ ನೆಲ ಅಥವಾ ಕಲ್ಲುಹಾಸು ಆಗಿರಲಿ. ಎರೆಮಣ್ಣಿನ ಮೇಲೆ ಬೇಡವೇ ಬೇಡ. ಒಣಗಿದಾಗ ಕಲ್ಲಿನಂತೆ ಗಟ್ಟಿ ಅನ್ನಿಸಿದರೂ ಬಿರುಕಿನ ಅಂಚಿನಲ್ಲಿ ಜಾಕ್ ಒಂದು ಕಡೆಗೆ ಕುಸಿಯುತ್ತದೆ.

ಸಾಮಾನು: ಎರಡು ಜಾಕ್, ಗಾಲಿಗೆ ಇಡಲು ಕಲ್ಲು ಅಥವಾ ಮರದ ದಿಮ್ಮಿ, ನಾಲ್ಕೈದು ಹಳೆ ಟೈರ್, ಅಗಲವಾದ ಗಟ್ಟಿ ಮರದ ತುಂಡುಗಳು, ಪಾನಾ ಸೆಟ್, ಡ್ರಿಲ್ ಮಷಿನ್, 10 ಎಂಎಂ ಬಿಟ್, ಸುಮಾರು 28 ಎಂಎಂ ಅಗಲದ ಚಪ್ಪಟೆ ಬಿಟ್, ಗರಗಸ, ರಂದಾ, ಸ್ಯಾಂಡ್ ಪೇಪರ್, ಟೇಪು, ದಾರ, ಗೌಂಡಿಗಳು ಬಳಸುವ ನೀರಿನ ಲೆವೆಲ್ ಪೈಪ್, ಸೀಮೆಸುಣ್ಣ. ಬಡಿಗೇರ ಒಬ್ಬರನ್ನು ಜೊತೆಗೆ ಕರೆದುಕೊಂಡರೆ ಕೆಲಸ ಸಲೀಸು. ಒಬ್ಬರೇ ಮಾಡುವ ಕೆಲಸ ಇದಲ್ಲ. ಎತ್ತುವಾಗಲಂತೂ ಇಬ್ಬರು ಇರಲೇಬೇಕು.

## ಹಂತ 1: ಬಿಚ್ಚುವ ಮೊದಲು ಅಳತೆ

ಪಾನಾ ಇನ್ನೂ ಪೆಟ್ಟಿಗೆಯಲ್ಲೇ ಇರಲಿ. ದೋಣಿ ಟ್ರೇಲರ್ ಮೇಲೆ ಸರಿಯಾಗಿ ಕೂತಿರುವಾಗಲೇ ಈ ಅಳತೆಗಳನ್ನು ಬರೆದುಕೊಳ್ಳಿ. ಮೊಬೈಲ್‌ನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಫೋಟೋ ಇದೆ ಅಂತ ಅಳತೆ ಬಿಡಬೇಡಿ.

1. ಹಲಗೆಯ ಉದ್ದ, ಅಗಲ, ದಪ್ಪ. ದಪ್ಪವನ್ನು ಕೊಳೆಯದ ಜಾಗದಲ್ಲಿ ಅಳೆಯಿರಿ.
2. ಹಲಗೆಯ ಹಿಂಬದಿ ತುದಿಯಿಂದ ಪ್ರತಿ ನಟ್ಟಿನ ನಡುವಿಗೆ ಎಷ್ಟು ಇಂಚು. ನಟ್ಟು ಕೆಳಗಿನಿಂದ ಕಾಣುತ್ತದೆ, ಬಿಚ್ಚದೆಯೇ ಅಳೆಯಬಹುದು. ಹಾಗೆಯೇ ಹಲಗೆಯ ಒಳಅಂಚಿನಿಂದ ನಟ್ಟಿನ ನಡುವಿಗೆ ಎಷ್ಟು.
3. ಎರಡು ಹಲಗೆಗಳ ನಡುವಿನ ಅಂತರ, ಮುಂದೆ ಒಂದು ಸಲ, ಹಿಂದೆ ಒಂದು ಸಲ. ಎರಡೂ ಒಂದೇ ಇರಬೇಕು ಅಂತೇನೂ ಇಲ್ಲ.
4. ಚಾಸಿಯ (ಟ್ರೇಲರ್‌ನ ಚೌಕಟ್ಟು) ಮೇಲ್ಮೈಯಿಂದ ಹಲಗೆಯ ಮೇಲ್ಮೈಗೆ ಎತ್ತರ, ಪ್ರತಿ ಬ್ರಾಕೆಟ್ ಬಳಿ, ಎಡಕ್ಕೂ ಬಲಕ್ಕೂ.
5. ದೋಣಿಯ ಹಿಂಬದಿ ಗೋಡೆ ಎಲ್ಲಿ ಮುಗಿಯುತ್ತದೆ, ಹಲಗೆ ಎಲ್ಲಿ ಮುಗಿಯುತ್ತದೆ.

ಕೊನೆಯ ಅಳತೆಯಲ್ಲೇ ದೊಡ್ಡ ತಪ್ಪು ನಡೆಯುತ್ತದೆ. ಮೋಟರ್ ತೂಗುವ ಆ ಹಿಂಬದಿ ಗೋಡೆಯೇ ದೋಣಿಯ ಅತಿ ಭಾರದ ಭಾಗ. ಹಲಗೆ ಅದರ ಕೆಳಗೆ ಪೂರ್ತಿ ಬರಬೇಕು. ಅರ್ಧ ಇಂಚು, ಒಂದು ಇಂಚು ಹೊರಗೆ ಚಾಚಿದರೂ ಒಳ್ಳೆಯದೇ. ಮೂರು ಇಂಚು ಒಳಗೇ ನಿಂತರೆ ಅಷ್ಟು ತಳ ಗಾಳಿಯಲ್ಲಿ ತೂಗುತ್ತಾ ನಿಧಾನವಾಗಿ ಕೆಳಕ್ಕೆ ಬಾಗುತ್ತದೆ. ಆಮೇಲೆ ನೀರಿನಲ್ಲಿ ದೋಣಿ ಮೂತಿ ತಗ್ಗಿಸಿ ಓಡತೊಡಗುತ್ತದೆ, ವೇಗ ಸಿಗುವುದಿಲ್ಲ. ಎಷ್ಟೋ ಜನ ಮೋಟರ್ ಕೆಟ್ಟಿದೆ ಅಂತ ಮೆಕ್ಯಾನಿಕ್ ಹತ್ತಿರ ಹೋಗುತ್ತಾರೆ. ನಿಮ್ಮ ಹಳೆ ಹಲಗೆಯೇ ಗಿಡ್ಡ ಇದ್ದರೆ ಅದೇ ಅಳತೆಯನ್ನು ನಕಲು ಮಾಡಬೇಡಿ, ಹೊಸದನ್ನು ಉದ್ದ ಮಾಡಿ.

ಟ್ರೇಲರ್‌ನ ಅಡ್ಡಪಟ್ಟಿಯ ನಡುಬಿಂದುವಿಗೂ ದೋಣಿಯ ನಡುಗೆರೆಗೂ ಸೀಮೆಸುಣ್ಣದ ಗುರುತು ಹಾಕಿ. ದೋಣಿ ಮತ್ತೆ ನಡುವಿನಲ್ಲೇ ಕೂತಿದೆಯೇ ಅಂತ ನೋಡಲು ಇದೇ ಆಧಾರ. ಸೀಮೆಸುಣ್ಣ ಅಳಿಸಿಹೋಗುವ ಹಾಗಿದ್ದರೆ ಬಣ್ಣದ ಚುಕ್ಕೆ ಇಡಿ.

## ಹಂತ 2: ಮರ ತರುವುದು

ಸಾಮಿಲ್‌ಗೆ ಹೋದಾಗ ಚೇಗಿನ (ಒಳಗಿನ ಗಟ್ಟಿ ಭಾಗದ) ಮರ ಬೇಕು, ಬಿಳಿ ಬರಬಾರದು ಅಂತ ಮೊದಲೇ ಹೇಳಿ. ಮರದ ಹೊರಗಿನ ಬೆಳ್ಳಗಿನ ಭಾಗ ಸಾಗವಾನಿಯದ್ದೇ ಆದರೂ ಬೇಗ ಕೊಳೆಯುತ್ತದೆ, ಹುಳವೂ ಹಿಡಿಯುತ್ತದೆ. ಸಾಗವಾನಿ ತಂದೆ, ಆದರೂ ಕೊಳೆಯಿತು ಅನ್ನುವವರ ಹಲಗೆ ನೋಡಿ, ಒಂದು ಅಂಚು ಪೂರ್ತಿ ಬಿಳಿಯೇ ಇರುತ್ತದೆ.

ನನ್ನ ಆಯ್ಕೆ ಸಾಗವಾನಿಯ ಚೇಗು. ಅದರಲ್ಲಿ ಎಣ್ಣೆಯಂಶ ತಾನಾಗಿಯೇ ಇರುತ್ತದೆ, ನೀರಿಗೆ ಜಗ್ಗುವುದಿಲ್ಲ, ಬಿಸಿಲಿಗೆ ಅಷ್ಟಾಗಿ ತಿರುಚಿಕೊಳ್ಳುವುದಿಲ್ಲ. ದುಬಾರಿ, ನಿಜ. ಆದರೆ ಎರಡು ಹಲಗೆಗೆ ಬೇಕಾಗುವ ಮರ ತುಂಬ ಕಡಿಮೆ. ಇಂಚಿನ ಅಗಲ, ಇಂಚಿನ ದಪ್ಪ, ಅಡಿಯ ಉದ್ದ ಇವನ್ನು ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಸಿಗುತ್ತದೆ. 4 ಇಂಚು ಅಗಲ, 2 ಇಂಚು ದಪ್ಪ, 10 ಅಡಿ ಉದ್ದದ ಎರಡು ಹಲಗೆಗೆ ಒಟ್ಟು 1.11 ಘನ ಅಡಿ. ಈ ಲೆಕ್ಕ ಹಾಕದೆ ದರ ಕೇಳಿಯೇ ಹೆದರಿ ಅಗ್ಗದ ಮರಕ್ಕೆ ಹೋಗುವವರು ಜಾಸ್ತಿ.

ಮತ್ತಿ, ಹೊನ್ನೆ ಕೂಡ ಗಟ್ಟಿ ಮರಗಳೇ. ಮತ್ತಿಯನ್ನು ಅವಸರದಲ್ಲಿ ಒಣಗಿಸಿದರೆ ಸೀಳುತ್ತದೆ, ತೂತು ಹೊಡೆಯದೆ ಸ್ಕ್ರೂ ಹಾಕಿದರೂ ಸೀಳುತ್ತದೆ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಬೇಡ. ನೀಲಗಿರಿ ತಿರುಚಿಕೊಳ್ಳುತ್ತದೆ, ಅದೂ ಬೇಡ. ಪ್ಲೈವುಡ್ ಕೇಳುವವರಿದ್ದಾರೆ. ಐಎಸ್ 710 ಗುರುತಿನ ಮರೀನ್ ಪ್ಲೈ ನೀರಿಗೆ ತಡೆದರೂ ಕತ್ತರಿಸಿದ ಅಂಚು, ತೂತುಗಳ ಮೂಲಕ ನೀರು ಎಳೆದುಕೊಳ್ಳುತ್ತದೆ. ಪಟ್ಟಿಯಾಗಿ ನಿಂತು ಭಾರ ಹೊರುವುದಕ್ಕೆ ಒಂದೇ ತುಂಡಿನ ಮರವೇ ಮೇಲು.

ದಪ್ಪದ ವಿಷಯದಲ್ಲಿ ಒಂದು ಎಚ್ಚರಿಕೆ. ಹೊರದೇಶದಿಂದ ಬಂದ ಟ್ರೇಲರ್‌ಗಳಲ್ಲಿ 2×4 ಅಂತ ಕರೆಯುವ ಹಲಗೆ ನಿಜವಾಗಿ ಒಂದೂವರೆ ಇಂಚು ದಪ್ಪ, ಮೂರೂವರೆ ಇಂಚು ಅಗಲ ಇರುತ್ತದೆ. ನಮ್ಮ ಸಾಮಿಲ್‌ನಲ್ಲಿ 2×4 ಕೇಳಿದರೆ ಹೆಚ್ಚುಕಡಿಮೆ ಪೂರ್ತಿ 2 ಇಂಚು ಕೊಯ್ದು ಕೊಡುತ್ತಾರೆ. ಅದನ್ನೇ ಹಾಕಿದರೆ ದೋಣಿ ಅರ್ಧ ಇಂಚು ಮೇಲೇರುತ್ತದೆ, ಮೂತಿಯ ಆಸರೆ, ವಿಂಚಿನ (ದೋಣಿಯನ್ನು ಟ್ರೇಲರ್‌ಗೆ ಎಳೆದು ಹಿಡಿಯುವ ರಾಟೆ) ಎತ್ತರ ಎರಡೂ ತಪ್ಪುತ್ತವೆ. ಒಂದೋ ಹಳೆ ದಪ್ಪಕ್ಕೇ ರಂದಾ ಹೊಡೆಸಿ, ಇಲ್ಲವೇ ಬ್ರಾಕೆಟ್ ಅಷ್ಟು ಇಳಿಸಿ.

ಮರ ಒಣಗಿದೆಯೇ ಅಂತ ತಿಳಿಯಲು ಕಾಳಿನ ಅಂಗಡಿಯ ತಕ್ಕಡಿ ಸಾಕು. ಹಲಗೆ ತೂಗಿ ಬರೆದಿಡಿ. ನೆರಳಲ್ಲಿ, ಗಾಳಿ ಆಡುವ ಕಡೆ, ಕೆಳಗೆ ಪಟ್ಟಿ ಕೊಟ್ಟು ಮಲಗಿಸಿ, ವಾರ ಬಿಟ್ಟು ಮತ್ತೆ ತೂಗಿ. ತೂಕ ಇನ್ನೂ ಇಳಿಯುತ್ತಿದ್ದರೆ ಮರ ಹಸಿ, ಕಾಯಿರಿ. ಬಿಸಿಲಿಗೆ ಇಟ್ಟು ಅವಸರ ಮಾಡಬೇಡಿ.

ಅಲ್ಯೂಮಿನಿಯಂ ದೋಣಿಯವರಿಗೆ ಮಾತ್ರ: ಗೆದ್ದಲು ಬರದಂತೆ ತಾಮ್ರದ ಅಂಶವಿರುವ ಔಷಧಿ ಹಾಕಿದ ಮರ ಬೇಡ. ತಾಮ್ರ, ಅಲ್ಯೂಮಿನಿಯಂ, ನಡುವೆ ತೇವ ಸೇರಿದರೆ ದೋಣಿಯ ತಳ ಸಣ್ಣ ಸಣ್ಣ ಗುಳಿ ಬಿದ್ದು ಸವೆಯುತ್ತದೆ.

## ಹಂತ 3: ಹಲಗೆ ತಯಾರಿ

ಇಲ್ಲಿ ಐದು ಕೆಲಸ ಇವೆ. ಕ್ರಮ ಹಿಂದುಮುಂದಾದರೆ ಕೆಡುತ್ತದೆ.

1. ಉದ್ದಕ್ಕೆ ಕತ್ತರಿಸಿ. ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿ. ಸ್ವಲ್ಪ ಬಾಗು ಇದ್ದೇ ಇರುತ್ತದೆ. ಉಬ್ಬಿದ ಮೈ ಮೇಲಕ್ಕೆ ಬರಲಿ, ಭಾರ ಬಿದ್ದಾಗ ನೆಟ್ಟಗಾಗುತ್ತದೆ. ಮೇಲಿನ ಮೈಗೆ ಈಗಲೇ ಗುರುತು ಹಾಕಿ.

2. ಮೇಲಿನ ಎರಡೂ ಅಂಚನ್ನು ರಂದಾದಿಂದ ದುಂಡಗೆ ಮಾಡಿ. ಚೂಪು ಅಂಚು ಕಾರ್ಪೆಟ್ ಹರಿಯುತ್ತದೆ.

3. ತೂತು. ಮೊದಲು ಚಪ್ಪಟೆ ಬಿಟ್‌ನಿಂದ ಮೇಲಿನ ಮೈಯಲ್ಲಿ 12 ಎಂಎಂ ಆಳದ ಅಗಲ ಗುಳಿ, ಆಮೇಲೆ ಅದರ ನಡುವೆ 10 ಎಂಎಂ ತೂತು. ಉಲ್ಟಾ ಮಾಡಿದರೆ ಚಪ್ಪಟೆ ಬಿಟ್‌ನ ಮೊನೆಗೆ ಹಿಡಿಯಲು ಮರವೇ ಇರುವುದಿಲ್ಲ, ಬಿಟ್ ಅಲೆದಾಡಿ ಗುಳಿ ಕೆಡುತ್ತದೆ. 10 ಎಂಎಂ ಕ್ಯಾರೇಜ್ ಬೋಲ್ಟಿನ (ಗುಂಡು ತಲೆಯ ಬೋಲ್ಟ್) ತಲೆ ಸುಮಾರು 5 ಎಂಎಂ ಎತ್ತರ ಇರುತ್ತದೆ. 12 ಎಂಎಂ ಗುಳಿಯಲ್ಲಿ ಅದರ ಮೇಲೆ ಇನ್ನೂ 6-7 ಎಂಎಂ ಜಾಗ ಉಳಿಯುತ್ತದೆ. ಮರ ಭಾರಕ್ಕೆ ಅಮುಕಿದರೂ ತಲೆ ಮೇಲೆ ಬಂದು ದೋಣಿಗೆ ತಾಕುವುದಿಲ್ಲ.

4. ತುದಿಗಳು ಮತ್ತು ತೂತುಗಳ ಒಳಮೈಗೆ ತೆಳು ಎಪಾಕ್ಸಿ ಅಥವಾ ಒಳ್ಳೆಯ ಹೊರಾಂಗಣ ವಾರ್ನಿಶ್. ಮರ ನೀರು ಕುಡಿಯುವುದು ಹೆಚ್ಚಾಗಿ ಕತ್ತರಿಸಿದ ತುದಿಯಿಂದಲೇ. ಒಂದು ಕೈ ಹಚ್ಚಿದ ತಕ್ಷಣ ಒಳಗೆ ಹೀರಿಕೊಂಡುಬಿಡುತ್ತದೆ. ಹೀರುವುದು ನಿಲ್ಲುವವರೆಗೂ ಹಚ್ಚುತ್ತಲೇ ಇರಿ.

5. ಅದು ಒಣಗಿದ ಮೇಲೆ ಉಳಿದ ಮೈಗೆ ಕಾಯಿಸಿದ ಅಗಸೆ ಎಣ್ಣೆ. ಮೊದಲ ಕೈಗೆ ಸ್ವಲ್ಪ ಟರ್ಪೆಂಟೈನ್ ಬೆರೆಸಿ ತೆಳು ಮಾಡಿ. ಎರಡು ಮೂರು ಕೈ, ಪ್ರತಿ ಕೈ ಒಣಗಿದ ಮೇಲೆ ಮುಂದಿನದು. ಎಣ್ಣೆ ಮೊದಲು ಹಚ್ಚಿದರೆ ಅದರ ಮೇಲೆ ಎಪಾಕ್ಸಿ ಹಿಡಿಯುವುದಿಲ್ಲ.

ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ. ಮುದ್ದೆಯೊಳಗೆ ಬಿಸಿ ಹೊರಗೆ ಹೋಗಲಾರದೆ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿ, ಅಥವಾ ಹೊರಗೆ ಅಗಲವಾಗಿ ಹರವಿ ಒಣಗಿಸಿ.

## ಹಂತ 4: ಬೋಲ್ಟ್ ಮೊದಲು, ಕಾರ್ಪೆಟ್ ಆಮೇಲೆ

ಬೋಲ್ಟ್ 10 ಎಂಎಂ ಕ್ಯಾರೇಜ್ ಬೋಲ್ಟ್. ನಮ್ಮ ಕಡೆ ಅಂಗಡಿಯಲ್ಲಿ 3 ಸೂತು ಅಂತ ಕೇಳಿದರೂ ಕೊಡುತ್ತಾರೆ, ಆದರೆ ಅದು ಇಂಚಿನ ಅಳತೆ. ಎಂಎಂ ನಟ್ಟಿಗೆ ಇಂಚಿನ ಬೋಲ್ಟ್ ಕೂರುವುದಿಲ್ಲ, ಎರಡನ್ನೂ ಒಂದೇ ಕಡೆ ತೆಗೆದುಕೊಳ್ಳಿ. ಗುಂಡು ತಲೆ, ಅದರ ಕೆಳಗೆ ಚೌಕ ಕುತ್ತಿಗೆ ಇರಬೇಕು. ಉದ್ದದ ಲೆಕ್ಕ ಹೀಗೆ: 2 ಇಂಚಿನ ಹಲಗೆಯಲ್ಲಿ 12 ಎಂಎಂ ಗುಳಿ ಹೋದರೆ 38 ಎಂಎಂ ಮರ, 6 ಎಂಎಂ ಬ್ರಾಕೆಟ್, ವಾಷರ್, ನಟ್. ಎಲ್ಲ ಸೇರಿ 60ರಿಂದ 65 ಎಂಎಂ ಬೋಲ್ಟ್ ಸಾಕು. ತುಂಗಭದ್ರೆ, ವರದೆ, ಊರ ಕೆರೆ ಅಂತ ಸಿಹಿನೀರಿನಲ್ಲಷ್ಟೇ ಬಳಸುವವರಿಗೆ ದಪ್ಪ ಸತುವಿನ ಲೇಪದ ಗ್ಯಾಲ್ವನೈಜ್ಡ್ ಬೋಲ್ಟ್ ಸಾಕು. ಹೊಳೆಯುವ ಹಳದಿ ಲೇಪದವು ಬೇಗ ತುಕ್ಕು ಹಿಡಿಯುತ್ತವೆ. ಅಂಕೋಲಾ, ಕಾರವಾರಕ್ಕೆ ಇಳಿದು ಸಮುದ್ರಕ್ಕೆ ಹಾಕುವವರು ಮಾತ್ರ 316 ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ತರಲಿ.

ಬೋಲ್ಟನ್ನು ಮೇಲಿನಿಂದ ಇಟ್ಟು, ಚೌಕ ಕುತ್ತಿಗೆ ಮರದೊಳಗೆ ಕಚ್ಚುವವರೆಗೆ ಸುತ್ತಿಗೆಯಿಂದ ಹೊಡೆಯಿರಿ. ನಟ್ ಬಿಗಿದು ಎಳೆಯೋಣ ಅಂತ ಬಿಟ್ಟರೆ ಕುತ್ತಿಗೆ ತಿರುಗಿ ಮರ ಕೊರೆದುಕೊಳ್ಳುತ್ತದೆ. ಮುಂದೆ ಬಿಚ್ಚುವಾಗ ಬೋಲ್ಟ್ ಸುಮ್ನೆ ಸುತ್ತುತ್ತಲೇ ಇರುತ್ತದೆ.

ಎಲ್ಲ ಬೋಲ್ಟ್ ಕೂತ ಮೇಲೆ ಕಾರ್ಪೆಟ್. ಮೊದಲೇ ಕಾರ್ಪೆಟ್ ಸುತ್ತಿ ಆಮೇಲೆ ಡ್ರಿಲ್ ಹಾಕುವವರ ಕಾರ್ಪೆಟ್ಟಿನ ಎಳೆ ಬಿಟ್‌ಗೆ ಸುತ್ತಿಕೊಂಡು ಉದ್ದಕ್ಕೆ ಕಿತ್ತು ಬರುತ್ತದೆ. ಬೋಲ್ಟಿನ ತಲೆಯೂ ಕಾರ್ಪೆಟ್ ಮೇಲೆ ಬಂದು ನೇರ ದೋಣಿಗೆ ಉಜ್ಜುತ್ತದೆ.

ಕಾರ್ಪೆಟ್ ಪಾಲಿಪ್ರೊಪಿಲೀನ್‌ನದಾಗಿರಲಿ. ಹಿಂಬದಿಗೆ ಸೆಣಬು ಅಂಟಿಸಿದ್ದು, ಹತ್ತಿಯದ್ದು, ತೆಂಗಿನ ನಾರಿನದ್ದು ಬೇಡ. ಅವು ನೀರು ಹಿಡಿದುಕೊಂಡು ಮರವನ್ನು ಸದಾ ಒದ್ದೆ ಇಡುತ್ತವೆ. ಹಳೆ ಟ್ಯೂಬ್ ರಬ್ಬರ್ ಹಾಕುವ ರೂಢಿಯೂ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ರಬ್ಬರ್ ಮೇಲೆ ದೋಣಿ ಜಾರುವುದಿಲ್ಲ, ಎಳೆದಷ್ಟೂ ತಳಕ್ಕೆ ಕಪ್ಪು ಗೆರೆ ಬೀಳುತ್ತದೆ.

ಕಾರ್ಪೆಟ್ಟನ್ನು ಬಿಗಿಯಾಗಿ ಎಳೆದು ಎರಡೂ ಪಕ್ಕದಿಂದ ಕೆಳಗೆ ತಂದು ಅಡಿಭಾಗದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಸ್ಟೇಪಲ್ ಹೊಡೆಯಿರಿ. ಮೇಲಿನ ಮೈಯಲ್ಲಿ ಒಂದು ಸ್ಟೇಪಲ್ಲೂ ಇರಬಾರದು. ಅಡಿಭಾಗವನ್ನು ಪೂರ್ತಿ ಮುಚ್ಚಬೇಡಿ, ಉದ್ದಕ್ಕೂ ಒಂದು ಇಂಚಾದರೂ ಮರ ಬರಿದಾಗಿರಲಿ. ಒಳಗೆ ಹೋದ ನೀರು ಅಲ್ಲಿಂದ ಇಳಿಯಬೇಕು. ಪೂರ್ತಿ ಸುತ್ತಿ ಹೊಲಿದಂತೆ ಮಾಡಿದ ಹಲಗೆ ನೋಡಲು ಚೆಂದ, ಆದರೆ ಬೇಗ ಕೊಳೆಯುವುದೂ ಅದೇ.

## ಹಂತ 5: ದೋಣಿಯ ಭಾರ ಎತ್ತುವುದು

ಹತ್ತಿರದಲ್ಲಿ ಇಳಿಜಾರು ದಂಡೆ ಇದ್ದು ದೋಣಿಯನ್ನು ನೀರಿಗೆ ಬಿಟ್ಟು ಕಟ್ಟಲು ಸಾಧ್ಯವಿದ್ದರೆ ಅದೇ ಸುಲಭ. ಇಲ್ಲದಿದ್ದರೆ ಟ್ರೇಲರ್ ಮೇಲೆಯೇ ಒಂದೊಂದು ಕಡೆ ಮಾಡಬೇಕು.

1. ದೋಣಿಯಿಂದ ಮೋಟರ್, ಪೆಟ್ರೋಲ್ ಟ್ಯಾಂಕ್, ಬ್ಯಾಟರಿ, ಲಂಗರು ಎಲ್ಲ ಇಳಿಸಿ. ತಳದ ಬಿರಡೆ ತೆಗೆದು ನೀರು ಖಾಲಿ ಮಾಡಿ.
2. ಟ್ರೇಲರ್ ಗಾಲಿಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಡಿ. ಮುಂದಿನ ಕೊಂಡಿ ಮೇಲಕ್ಕೆ ಚಿಮ್ಮದಂತೆ ಭಾರ ಕಟ್ಟಿ ಅಥವಾ ಗಾಡಿಗೆ ಸಿಕ್ಕಿಸಿಯೇ ಇಡಿ. ಹಿಂದೆ ಎತ್ತಿದಾಗ ತೂಕ ಬದಲಾಗಿ ಟ್ರೇಲರ್ ಮುಗ್ಗರಿಸುವುದು ಇಲ್ಲೇ.
3. ಮೂತಿಯ ವಿಂಚ್ ಪಟ್ಟಿ ಬಿಗಿಯಾಗಿಯೇ ಇರಲಿ.
4. ಹಿಂಬದಿ ಗೋಡೆಯ ಬುಡದಲ್ಲಿ, ನಡುಗೆರೆಯ ಹತ್ತಿರ, ಅಗಲವಾದ ಮರದ ತುಂಡು ಕೊಟ್ಟು ಜಾಕ್ ಏರಿಸಿ. ಹಲಗೆಯ ಮೇಲೆ ಬೆರಳು ತೂರುವಷ್ಟು ಸಂದು ಸಾಕು, ಜಾಸ್ತಿ ಬೇಡ.
5. ಎದ್ದ ದೋಣಿಯ ಕೆಳಗೆ, ಅಡ್ಡಪಟ್ಟಿಗಳ ಮೇಲೆ ಟೈರ್ ಮತ್ತು ಮರದ ತುಂಡು ಒತ್ತಾಗಿ ಜೋಡಿಸಿ. ಭಾರ ಜಾಕ್‌ನಿಂದ ಇವುಗಳ ಮೇಲೆ ಇಳಿಯಲಿ.

ತಳದ ನಡುನಡುವೆ, ಒಳಗೆ ಪಟ್ಟಿ ಇಲ್ಲದ ತೆಳು ಜಾಗಕ್ಕೆ ಜಾಕ್ ಕೊಟ್ಟರೆ ಫೈಬರ್ ಒಳಕ್ಕೆ ಕುಸಿಯುತ್ತದೆ. ಬರೀ ಜಾಕ್ ಮೇಲೆ ನಿಂತ ದೋಣಿಯ ಕೆಳಗೆ ತಲೆ ಹಾಕಬೇಡಿ, ಒಂದು ನಟ್ ತೆಗೆಯುವಷ್ಟು ಹೊತ್ತಿಗೂ ಬೇಡ. ಕಿರ್ ಅನ್ನುವ ಸದ್ದು ಬಂದರೆ, ಜಾಕ್ ಓರೆಯಾದರೆ, ಕೆಲಸ ಬಿಟ್ಟು ಹೊರಗೆ ಬನ್ನಿ.

## ಹಂತ 6: ಒಂದೇ ಒಂದು ಹಲಗೆ ಬಿಚ್ಚಿ

ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಅಥವಾ ಡೀಸೆಲ್ ಹಾಕಿಡಿ. ಬೆಳಿಗ್ಗೆ ಅರ್ಧದಷ್ಟು ನಟ್ಟು ಕೈಗೆ ಬರುತ್ತವೆ. ಬೋಲ್ಟ್ ಸುತ್ತುತ್ತಲೇ ಇದ್ದರೆ ತಲೆಯನ್ನು ಇಕ್ಕಳದಿಂದ ಹಿಡಿಯಿರಿ, ಆಗದಿದ್ದರೆ ಕಬ್ಬಿಣದ ಗರಗಸದಿಂದ ಕತ್ತರಿಸಿ. ಗ್ರೈಂಡರ್ ಬಳಸುವುದಾದರೆ ಕಿಡಿ ದೋಣಿಯ ಮೇಲೆ ಬೀಳದಂತೆ ಒದ್ದೆ ಗೋಣಿಚೀಲ ಹೊದಿಸಿ. ಪೆಟ್ರೋಲ್ ಟ್ಯಾಂಕ್ ಇನ್ನೊಂದು ಕೋಣೆಯಲ್ಲಿರಲಿ.

ಒಂದು ಹಲಗೆ ತೆಗೆದು, ಹೊಸದನ್ನು ಅದರ ಪಕ್ಕಕ್ಕೆ ಇಟ್ಟು ತೂತುಗಳು ಹೊಂದುತ್ತವೆಯೇ ನೋಡಿ. ಇನ್ನೊಂದು ಬದಿಯ ಹಲಗೆಗೆ ಈಗ ಕೈ ಹಚ್ಚಬೇಡಿ. ಎತ್ತರ, ಓರೆ, ಅಂತರ ಎಲ್ಲವನ್ನೂ ಒಪ್ಪಿಸಿ ನೋಡಲು ಉಳಿದಿರುವ ಸಾಕ್ಷಿ ಅದೊಂದೇ.

## ಹಂತ 7: ಬ್ರಾಕೆಟ್ ನೋಡುವುದು

ಹಲಗೆ ಮತ್ತು ಬ್ರಾಕೆಟ್ ನಡುವೆ ಎರೆಮಣ್ಣು ಗಟ್ಟಿಯಾಗಿ ಮೆತ್ತಿರುತ್ತದೆ. ನಮ್ಮ ಕಡೆಯ ಟ್ರೇಲರ್‌ಗಳಲ್ಲಿ ತುಕ್ಕು ಶುರುವಾಗುವುದು ಈ ಮಣ್ಣಿನ ಪದರದ ಕೆಳಗೇ. ಕೆರೆದು, ತಂತಿಯ ಬ್ರಷ್ ಹಾಕಿ, ಬರಿ ಲೋಹ ಕಾಣುವಂತೆ ಮಾಡಿ. ಸುತ್ತಿಗೆ ತಟ್ಟಿದಾಗ ಪದರ ಪದರವಾಗಿ ಉದುರಿದರೆ ಬ್ರಾಕೆಟ್ ಬದಲಿಸಬೇಕು. ಬೆಸುಗೆಯ ಗೆರೆಯಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ವೆಲ್ಡಿಂಗ್ ಬೇಕಾದರೆ ದೋಣಿಯನ್ನು ಟ್ರೇಲರ್‌ನಿಂದ ಕೆಳಗಿಳಿಸಿದ ಮೇಲೆಯೇ. ಫೈಬರ್ ಬೆಂಕಿ ಹಿಡಿಯುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಇಂಥ ಬ್ರಾಕೆಟ್ ಮಾಡಿಕೊಡುವ ವರ್ಕ್‌ಶಾಪ್‌ಗಳಿವೆ, ಹಳೆಯದನ್ನೇ ಅಳತೆಗೆ ಕೊಡಿ.

ಒಳ್ಳೆಯದಿದ್ದರೆ ಪ್ರೈಮರ್, ಅದರ ಮೇಲೆ ಬಣ್ಣ. ಒಣಗುವವರೆಗೆ ಕಾಯಿರಿ.

## ಹಂತ 8: ಕೂರಿಸುವುದು, ಬಿಗಿಯುವುದು

ಹಲಗೆಯನ್ನು ಬ್ರಾಕೆಟ್ ಮೇಲೆ ಇಟ್ಟು ಅಗಲ ವಾಷರ್, ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್) ಹಾಕಿ. ಈಗ ಕೈಯಲ್ಲಿ ತಿರುಗಿಸುವಷ್ಟು ಮಾತ್ರ, ನೈಲಾನ್ ಕಚ್ಚುವ ತನಕ. ಹಂತ 1ರ ಎತ್ತರ, ಅಂತರ ಅಳೆದು ಸರಿ ಮಾಡಿ. ಮುಂದಿನ ಮತ್ತು ಹಿಂದಿನ ಬ್ರಾಕೆಟ್ಟಿನ ಎತ್ತರಕ್ಕೆ ಲೆವೆಲ್ ಪೈಪ್ ಹಿಡಿದು ಇನ್ನೊಂದು ಹಲಗೆಯೊಂದಿಗೆ ಹೋಲಿಸಿ.

ಆಮೇಲೆ ದೋಣಿಯನ್ನು ಮೆಲ್ಲಗೆ ಇಳಿಸಿ. ಭಾರ ಬಿದ್ದಾಗ ಹಲಗೆ ತಳದ ಓರೆಗೆ ತಾನೇ ಹೊಂದಿಕೊಳ್ಳುತ್ತದೆ. ಅದು ಹೊಂದಿಕೊಂಡ ಮೇಲೆಯೇ ನಟ್ ಬಿಗಿಯಬೇಕು. ಇಳಿಸುವ ಮೊದಲೇ ಪೂರ್ತಿ ಬಿಗಿದುಬಿಟ್ಟರೆ ಹಲಗೆಯ ಒಂದು ಅಂಚು ಮಾತ್ರ ದೋಣಿಗೆ ತಾಕುತ್ತದೆ. ಓರೆಯಾಗಿ ಕೂರುತ್ತದೆ ಅನ್ನುವವರಲ್ಲಿ ಹೆಚ್ಚಿನವರ ತಪ್ಪು ಇದೇ.

ಪರೀಕ್ಷೆಗೆ ಗಟ್ಟಿ ಕಾಗದದ ಪಟ್ಟಿ ತೆಗೆದುಕೊಂಡು ಹಲಗೆ ಮತ್ತು ತಳದ ನಡುವೆ ಉದ್ದಕ್ಕೂ ತೂರಿಸಿ ನೋಡಿ. ಎಲ್ಲೂ ಸಲೀಸಾಗಿ ಒಳಗೆ ಹೋಗಬಾರದು. ಒಂದು ಕಡೆ ಹೋದರೆ ಆ ಬ್ರಾಕೆಟ್ ಏರಿಸಿ. ನಡುಗೆರೆಯ ಗುರುತು ಟ್ರೇಲರ್ ಗುರುತಿಗೆ ಸರಿಯಾಗಿ ಬಂದಿದೆಯೇ, ಹಿಂಬದಿ ಗೋಡೆ ಹಲಗೆಯ ಮೇಲೆ ಪೂರ್ತಿ ಇದೆಯೇ ನೋಡಿ. ಎಲ್ಲ ಸರಿ ಇದ್ದರೆ ಇನ್ನೊಂದು ಬದಿಗೆ ಹಂತ 5ರಿಂದ ಮತ್ತೆ ಶುರು ಮಾಡಿ.

ಹಳೆ ನೈಲಾಕ್ ನಟ್ ಮತ್ತೆ ಬಳಸಬೇಡಿ. ಒಳಗಿನ ನೈಲಾನ್ ಸವೆದಿರುತ್ತದೆ, ಹಿಡಿಯುವುದಿಲ್ಲ. ಕೆಲವು ಟ್ರೇಲರ್‌ಗಳಲ್ಲಿ ಬೋಲ್ಟ್ ಬದಲು ಕೆಳಗಿನಿಂದ ಮರದ ಸ್ಕ್ರೂ ಹಾಕಿರುತ್ತಾರೆ. ಅಲ್ಲಿ ಸ್ಕ್ರೂ ಹಲಗೆಯ ದಪ್ಪದ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಒಳಗೆ ಹೋಗದಂತೆ ಉದ್ದ ಆರಿಸಿ, ಮೊದಲು ಸಣ್ಣ ತೂತು ಹೊಡೆಯಿರಿ. ಉದ್ದ ಜಾಸ್ತಿಯಾದರೆ ಮೊನೆ ಕಾರ್ಪೆಟ್ ತೂರಿ ಮೇಲೆ ಬರುತ್ತದೆ.

## ಹಂತ 9: ಮೊದಲ ಓಟ

ಹೊಸ ಮರ ಭಾರಕ್ಕೆ ಸ್ವಲ್ಪ ಅಮುಕುತ್ತದೆ, ನಟ್ಟು ಸಡಿಲವಾಗುತ್ತವೆ. ಹುಬ್ಬಳ್ಳಿಯಿಂದ ಹೊರಟರೆ ಧಾರವಾಡ ಮುಟ್ಟಿದಾಗ, ಅಂದರೆ ಸುಮಾರು 20 ಕಿಲೋಮೀಟರ್ ಓಡಿದ ಮೇಲೆ, ಒಮ್ಮೆ ನಿಲ್ಲಿಸಿ ಎಲ್ಲ ನಟ್ಟಿಗೂ ಪಾನಾ ಹಾಕಿ. ಹೋದ ಜಾಗದಲ್ಲಿ ದೋಣಿ ನೀರಿಗೆ ಬಿಟ್ಟ ಮೇಲೆ ಕಾರ್ಪೆಟ್ ನೋಡಿ. ಒಂದು ಕಡೆ ಮಾತ್ರ ಉಜ್ಜಿ ಹೊಳೆಯುತ್ತಿದ್ದರೆ ಅಲ್ಲಿ ಭಾರ ಜಾಸ್ತಿ ಬೀಳುತ್ತಿದೆ. ಹಂಪ್ ದಾಟುವಾಗ ಹೊಸದಾಗಿ ಟಕ್ ಅನ್ನುವ ಸದ್ದು ಬಂದರೆ ಕೂಡಲೇ ನಿಲ್ಲಿಸಿ.

ದೋಣಿ ಸಲೀಸಾಗಿ ಜಾರಲಿ ಅಂತ ಕಾರ್ಪೆಟ್ ಮೇಲೆ ಪ್ಲಾಸ್ಟಿಕ್ ಪಟ್ಟಿ ಹಾಕಿಸಿದವರಿಗೆ ವಿಶೇಷ ಎಚ್ಚರಿಕೆ. ಹಿಂಭಾಗ ನೀರಿಗೆ ಇಳಿಯುವವರೆಗೆ ವಿಂಚ್ ಪಟ್ಟಿ ಬಿಚ್ಚಲೇಬೇಡಿ. ದಂಡೆಯ ಇಳಿಜಾರಿನಲ್ಲೇ ದೋಣಿ ಜಾರಿ ಕಲ್ಲಿನ ಮೇಲೆ ಬೀಳುತ್ತದೆ. ಗ್ರೀಸ್, ಹಳೆ ಎಂಜಿನ್ ಆಯಿಲ್ ಕಾರ್ಪೆಟ್‌ಗೆ ಹಚ್ಚುವುದಂತೂ ಬೇಡ. ಆ ನೀರನ್ನು ದನ ಕುಡಿಯುತ್ತವೆ, ಎಷ್ಟೋ ಊರುಗಳಲ್ಲಿ ಜನವೂ ಕುಡಿಯುತ್ತಾರೆ.

## ಆಮೇಲಿನ ಆರೈಕೆ

ಪ್ರತಿ ಸಲ ಬಂದ ಮೇಲೆ ಪೈಪ್ ಹಿಡಿದು ಬ್ರಾಕೆಟ್ ಸಂದಿಯ ಮಣ್ಣು ತೊಳೆಯಿರಿ, ಒಣಗುವ ಮೊದಲೇ. ಒಣಗಿದ ಎರೆಮಣ್ಣು ಆಮೇಲೆ ಉಳಿ ಹಾಕಿದರೂ ಬರುವುದಿಲ್ಲ. ಸಮುದ್ರಕ್ಕೆ ಹೋಗಿ ಬಂದರೆ ಸಿಹಿನೀರಿನಲ್ಲಿ ಎರಡು ಸಲ ತೊಳೆಯಿರಿ.

ನಿಲ್ಲಿಸುವಾಗ ಮುಂಭಾಗ ಸ್ವಲ್ಪ ಎತ್ತರ ಇರಲಿ, ದೋಣಿಯ ಬಿರಡೆ ತೆಗೆದಿರಲಿ. ಮಳೆನೀರು ದೋಣಿಯಲ್ಲಿ ನಿಂತರೆ ಆ ತೂಕವೂ ಹಲಗೆಯ ಮೇಲೆಯೇ. ತಾಡಪಾಲು ಹೊದಿಸಿದರೆ ಪಕ್ಕದಲ್ಲಿ ಗಾಳಿ ಆಡಲು ಬಿಡಿ, ನೆಲದವರೆಗೆ ಬಿಗಿದು ಕಟ್ಟಬೇಡಿ. ಮರದ ಕೆಳಗೆ ನಿಲ್ಲಿಸಿದರೆ ನೆರಳು ಸಿಗುತ್ತದೆ ನಿಜ, ಆದರೆ ಉದುರಿದ ಎಲೆ ಹಲಗೆ ಮತ್ತು ತಳದ ಸಂದಿಯಲ್ಲಿ ಸೇರಿ ಕೊಳೆಯುತ್ತದೆ. ಬ್ರಷ್ ಹಾಕಿ ತೆಗೆಯುತ್ತಿರಿ. ಗೆದ್ದಲು ಟೈರ್ ಮತ್ತು ಆಸರೆಯ ದಿಮ್ಮಿಯ ಮೂಲಕ ಮೇಲೇರುತ್ತದೆ, ಮಣ್ಣಿನ ಗೆರೆ ಕಂಡ ಕೂಡಲೇ ಒರೆಸಿ ದಿಮ್ಮಿ ಬದಲಿಸಿ.

ವರ್ಷಕ್ಕೆ ಎರಡು ಸಲ ನಟ್ಟು ಬಿಗಿಯಿರಿ. ಒಮ್ಮೆ ಏಪ್ರಿಲ್‌ನಲ್ಲಿ, ಮರ ಒಣಗಿ ಕುಗ್ಗಿರುವಾಗ. ಇನ್ನೊಮ್ಮೆ ದೀಪಾವಳಿ ಹೊತ್ತಿಗೆ, ಮಳೆಗಾಲ ಮುಗಿದ ಮೇಲೆ. ಅದೇ ಹೊತ್ತಿಗೆ ಸ್ಕ್ರೂಡ್ರೈವರ್ ಪರೀಕ್ಷೆಯೂ ಆಗಲಿ, ತುದಿಗಳ ವಾರ್ನಿಶ್ ಎದ್ದಿದ್ದರೆ ಇನ್ನೊಂದು ಕೈ ಹಚ್ಚಿ. ಕಾರ್ಪೆಟ್ ಹರಿದರೆ ಅದನ್ನಷ್ಟೇ ಬದಲಿಸಿದರೆ ಸಾಕು, ಮರ ಗಟ್ಟಿ ಇದ್ದರೆ ಹಲಗೆಗೆ ಕೈ ಹಚ್ಚುವ ಅಗತ್ಯವಿಲ್ಲ. ಹಂತ 1ರಲ್ಲಿ ಬರೆದುಕೊಂಡ ಅಳತೆಯ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಎರಡು ಹೆಚ್ಚುವರಿ ಬೋಲ್ಟ್, ನಾಲ್ಕು ನೈಲಾಕ್ ನಟ್ ಜೊತೆಗೆ ಟ್ರೇಲರ್‌ನ ಸಾಮಾನು ಪೆಟ್ಟಿಗೆಯಲ್ಲೇ ಇಡಿ.